ಭಾವಗೀತೆ, ಜನಪದ ಹಾಡೋ ತಂಡಕ್ಕೆ ಡ್ರಮ್ ಮಷಿನ್: ವೇದಿಕೆಗೂ ರೆಕಾರ್ಡಿಂಗಿಗೂ ಯಾವುದು ತಗೊಳ್ಳಲಿ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಜನರ ತಂಡ. ಅಕ್ಕ ಹಾಡ್ತಾಳೆ, ನಾನು ಗಿಟಾರ್, ಗೆಳೆಯ ಬೇಸ್. ಭಾವಗೀತೆ, ತತ್ವಪದ, ಒಂದಷ್ಟು ಜನಪದ. ನಾಲ್ಕು ವರ್ಷ ನಮ್ಮ ಜೊತೆ ತಬಲಾ ನುಡಿಸ್ತಿದ್ದ ಹುಡುಗನಿಗೆ ಕೆಲಸ ಸಿಕ್ಕಿ ಜೂನ್‌ನಲ್ಲಿ ಪುಣೆಗೆ ಹೋದ. ಅವನ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಎರಡು ಕಾರ್ಯಕ್ರಮ ಲಯವಾದ್ಯ ಇಲ್ಲದೇ ಮಾಡಿದ್ವಿ, ಹಾಡು ನಿಂತಲ್ಲೇ ನಿಂತ ಹಾಗಾಯ್ತು.

ಲ್ಯಾಪ್‌ಟಾಪ್‌ನಲ್ಲಿ ಟ್ರ್ಯಾಕ್ ಹಾಕಿ ಹಾಡೋದು ಅಕ್ಕನಿಗೆ ಒಗ್ಗಲ್ಲ. ಟ್ರ್ಯಾಕ್ ಓಡಿದ ಕಡೆ ಅವಳು ಓಡಬೇಕು. ಹಾಗಾಗಿ ಕೈಯಲ್ಲಿ ನಿಲ್ಲಿಸಬಹುದಾದ, ತಿರುಗಿಸಬಹುದಾದ ಡ್ರಮ್ ಮಷಿನ್ ನೋಡ್ತಿದ್ದೀನಿ. ಇದೇ ವರ್ಷ ಮನೆಯಲ್ಲೇ ಆರು ಹಾಡು ರೆಕಾರ್ಡ್ ಮಾಡೋ ಆಸೆಯೂ ಇದೆ. ಬಜೆಟ್ 45,000. ಸೆಕೆಂಡ್‌ಹ್ಯಾಂಡ್ ಆದ್ರೂ ಪರವಾಗಿಲ್ಲ.

ನಾವು ಹಾಡೋದು ಹತ್ತು ಹಾಡು, ತಾಳದ ಪ್ರಕಾರ ಹೇಳೋದಾದ್ರೆ: ಕೆಹರ್ವಾ ನಾಲ್ಕು, ದಾದ್ರಾ ಮೂರು, ಮಿಶ್ರಛಾಪು ಎರಡು, ಖಂಡಛಾಪು ಒಂದು. ನಾನು ಗುರುತು ಹಾಕಿಕೊಂಡಿರೋದು ಅಲೆಸಿಸ್ ಎಸ್‌ಆರ್-16, ಆರ್ಟೂರಿಯಾ ಡ್ರಮ್‌ಬ್ರೂಟ್ ಇಂಪ್ಯಾಕ್ಟ್, ಸೆಕೆಂಡ್‌ಹ್ಯಾಂಡ್ ಸಿಕ್ಕರೆ ರೋಲ್ಯಾಂಡ್ ಟಿಆರ್-8ಎಸ್ ಅಥವಾ ಎಲೆಕ್ಟ್ರಾನ್ ಡಿಜಿಟಾಕ್ಟ್. ಯೂಟ್ಯೂಬ್‌ನಲ್ಲಿ ಬರೋ ವಿಡಿಯೋಗಳೆಲ್ಲ ಟೆಕ್ನೋ, ಹಿಪ್‌ಹಾಪ್. ನಮ್ಮ ಥರದ ಹಾಡಿಗೆ ಬಳಸಿದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ.

ಪ್ಯಾಡ್_ಹುಬ್ಬಳ್ಳಿ

ನಮಸ್ಕಾರ್ರಿ. ನಾ 2003ರಾಗ ಢೋಲಕ್ ಬಿಟ್ಟು ಪ್ಯಾಡ್ ಹಿಡದಾಂವ. ಅವತ್ತಿಂದ ಇವತ್ತಿನ ತನಕ ಆರ್ಕೆಸ್ಟ್ರಾದಾಗ ಅದ ಕೆಲಸ. ಖರೇ ಹೇಳ್ತೀನಿ, ಸ್ಟೇಜಿಗೆ ಡ್ರಮ್ ಮಷಿನ್ ಬ್ಯಾಡ್ರಿ. ಕೋಲಿಂದ ಬಾರಸೂ ಎಲೆಕ್ಟ್ರಾನಿಕ್ ಆಕ್ಟೋಪ್ಯಾಡ್ ಒಂದು ತಗೋರಿ, ನಿಮ್ಮೂರಾಗ ಒಬ್ಬ ಹುಡುಗನ್ನ ಹುಡುಕ್ರಿ. ಎಸ್‌ಪಿಡಿ-20 ಹಳೇದಾದ್ರೂ ತಬಲಾ, ಢೋಲಕ್ ಎಲ್ಲಾ ಅದರಾಗ ಅದಾವ. ಎಂಟು ಪ್ಯಾಡ್ ಒಳಗ ಇಡೀ ರಸಮಂಜರಿ ಮುಗಸ್ತೀವಿ ನಾವು.

ಹಾಡೋರು ಪಲ್ಲವಿ ಕಡೀಗೆ ಬಂದಾಗ ಒಂದೀಟು ಎಳೀತಾರ. ನಾನು ಅವರ ಮಾರಿ ನೋಡಿ ಕೈ ತಡೀತೀನಿ. ಮಷಿನ್ನಿಗೆ ಮಾರಿ ಕಾಣ್ಸೂದಿಲ್ಲ. ಅಷ್ಟ ವ್ಯತ್ಯಾಸ.

ತುಂಗಾತೀರ

ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ಸತ್ಯ. ಮೂರು ತಿಂಗಳಿಂದ ಹುಡುಕ್ತಾನೇ ಇದ್ದೀವಿ. ಇಬ್ಬರು ಒಪ್ಪಿಕೊಂಡಿದ್ರು, ಆದ್ರೆ ಮದುವೆ ಸೀಸನ್‌ನಲ್ಲಿ ಅವರಿಗೆ ಬೇರೆ ತಂಡದಲ್ಲಿ ಹೆಚ್ಚು ಸಂಭಾವನೆ ಸಿಗುತ್ತೆ, ಅವರನ್ನ ದೂರೋ ಹಾಗಿಲ್ಲ. ಒಬ್ಬರು ಸಿಗೋವರೆಗೆ ಹಾಡು ನಿಲ್ಲಿಸೋಕೆ ಅಕ್ಕ ತಯಾರಿಲ್ಲ.

ಲಯಪಾಠ (ಮೈಸೂರು)

ನಾನು ಮೃದಂಗ ಹೇಳಿಕೊಡುವವಳು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ತಾಳ ಹಾಕಿಸುತ್ತಿದ್ದೇನೆ. ಯಾವ ಕಂಪನಿ, ಯಾವ ಧ್ವನಿ ಎಂದು ನೋಡುವುದಕ್ಕೆ ಮೊದಲು ನಿಮ್ಮ ಹತ್ತು ಹಾಡನ್ನು ಒಂದು ಹಾಳೆಯ ಮೇಲೆ ಸ್ಟೆಪ್‌ಗಳಾಗಿ, ಅಂದರೆ ಪೆಟ್ಟು ಬೀಳಬಹುದಾದ ಸಮ ಅಂತರದ ಮನೆಗಳಾಗಿ, ಬರೆದುಕೊಳ್ಳಿ. ಆಯ್ಕೆಯಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ.

ಸಾಮಾನ್ಯವಾಗಿ ಈ ಯಂತ್ರಗಳು 16 ಸ್ಟೆಪ್‌ನ ಸಾಲಿನ ಮೇಲೆ ನಿಂತಿವೆ. ಕೆಹರ್ವಾ ಎಂಟು ಮಾತ್ರೆ (ಎಣಿಕೆ), ಮಾತ್ರೆಗೆ ಎರಡು ಸ್ಟೆಪ್ ಕೊಟ್ಟರೆ 16 ಭರ್ತಿ. ದಾದ್ರಾ ಆರು ಮಾತ್ರೆ, ಅಂದರೆ 12 ಸ್ಟೆಪ್. ಮಿಶ್ರಛಾಪು ಏಳು, ಅದು 14. ಖಂಡಛಾಪು ಐದು, ಅದು 10. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಪ್ಯಾಟರ್ನನ್ನು (ಮತ್ತೆ ಮತ್ತೆ ತಿರುಗುವ ಲಯದ ಸುತ್ತನ್ನು) 16ಕ್ಕೆ ಮೊದಲೇ ಎಲ್ಲಿ ಬೇಕಾದರೂ ಮುಗಿಸಲು ಆಗುತ್ತದೆಯೇ? ಆಗದಿದ್ದರೆ ನಿಮ್ಮ ಹತ್ತರಲ್ಲಿ ಆರು ಹಾಡು ಆ ಯಂತ್ರದಲ್ಲಿ ಬರುವುದಿಲ್ಲ.

ಮಿಶ್ರಛಾಪುವನ್ನು ಒಮ್ಮೆ ಬಿಡಿಸಿ ಹೇಳುತ್ತೇನೆ. ತಕಿಟ ತಕ ಧಿಮಿ, ಮೂರು, ಎರಡು, ಎರಡು. 14 ಸ್ಟೆಪ್‌ನಲ್ಲಿ ಪೆಟ್ಟು ಬೀಳುವುದು 1, 7, 11ರಲ್ಲಿ. 1ರಲ್ಲಿ ದಪ್ಪ ಧ್ವನಿ ಇಡಿ, ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾಂ ಅಥವಾ ಡ್ರಮ್ ಸೆಟ್ಟಿನ ದೊಡ್ಡ ಡ್ರಮ್ ಆದ ಕಿಕ್. 7 ಮತ್ತು 11ರಲ್ಲಿ ಒಣ ಪೆಟ್ಟು. 3, 5, 9, 13ರಲ್ಲಿ ತೀರ ಮೆಲ್ಲಗೆ ಏನಾದರೂ, ಗೆಜ್ಜೆ ಆದರೂ ಸಾಕು. ಖಂಡಛಾಪುವಿನ 10 ಸ್ಟೆಪ್‌ನಲ್ಲಿ 1, 5, 7. ಇಷ್ಟು ಹಾಕಿ ನಿಮ್ಮ ಅಕ್ಕನಿಗೆ ಹಾಡಲು ಹೇಳಿ. ಕುಳಿತಲ್ಲೇ ಅವರ ತಲೆ ತೂಗಿದರೆ ಸರಿಯಿದೆ ಎಂದು ಅರ್ಥ.

ಇನ್ನೊಂದು. ಹಿಂದೂಸ್ತಾನಿಯ ರೂಪಕ್ ಏಳು ಮಾತ್ರೆ, ನಮ್ಮ ಕರ್ನಾಟಕ ಪದ್ಧತಿಯ ರೂಪಕ ಮೂರು ಅಥವಾ ಆರು ಎಣಿಕೆ. ರೂಪಕ ಎಂದು ಹೆಸರಿಟ್ಟ ಪ್ಯಾಟರ್ನ್ ಯಾರಾದರೂ ಕೊಟ್ಟರೆ ಮೊದಲು ಎಣಿಸಿ ನೋಡಿ. ಹಿಂದೂಸ್ತಾನಿ ರೂಪಕ್‌ನಲ್ಲಿ ಸಮದ (ತಾಳದ ಮೊದಲ ಎಣಿಕೆಯ) ಮೇಲೇ ಖಾಲಿ, ಅಂದರೆ ದಪ್ಪ ಪೆಟ್ಟಿಲ್ಲದ ಜಾಗ, ಬರುತ್ತದೆ, ತೀ ತೀ ನಾ ಎಂದೇ ಶುರು. ಅಲ್ಲಿ ಕಿಕ್ ಗುದ್ದಿದರೆ ತಾಳದ ರೂಪವೇ ಕೆಡುತ್ತದೆ.

ತುಂಗಾತೀರ

ಮೇಡಂ, 1, 7, 11 ಅಂತ ಓದಿ ಈಗಲೇ ಮೇಜಿನ ಮೇಲೆ ಬೆರಳಲ್ಲಿ ಹಾಕಿ ನೋಡಿದೆ. ನಾಲ್ಕು ವರ್ಷ ನಮ್ಮ ತಬಲಾದವನು ಮಾಡ್ತಿದ್ದದ್ದು ಇದೇ. ನಾನು ಒಂದು ದಿನವೂ ಎಣಿಸಿರಲಿಲ್ಲ.

ಗೋಥೆನ್‌ಬರ್ಗ್_ಕನ್ನಡಿಗ

ಎಲೆಕ್ಟ್ರಾನ್ ಕಂಪನಿ ಇರೋ ಊರಲ್ಲೇ ಇದ್ದೀನಿ, ಐದು ವರ್ಷದಿಂದ ಡಿಜಿಟಾಕ್ಟ್ ಬಳಸ್ತಿದ್ದೀನಿ. 2017ರ ಮೊದಲ ಮಾದರಿ, 2024ರಲ್ಲಿ ಬಂದ ಎರಡನೆಯದಲ್ಲ. ನಿಮ್ಮ ಬಜೆಟ್‌ಗೆ ಸಿಕ್ಕರೆ ಸಿಗೋದು ಮೊದಲನೆಯದೇ, ಅದೂ ಕೈ ಬದಲಾದದ್ದು.

ಅದರಲ್ಲಿ ಎಂಟು ಆಡಿಯೋ ಟ್ರ್ಯಾಕ್. ಒಂದೊಂದು ಟ್ರ್ಯಾಕ್‌ನಲ್ಲೂ ನಿಮಗೆ ಬೇಕಾದ ಸ್ಯಾಂಪಲ್, ಅಂದ್ರೆ ರೆಕಾರ್ಡ್ ಮಾಡಿಟ್ಟ ಧ್ವನಿಯ ತುಣುಕು. ಪ್ಯಾಟರ್ನ್ 64 ಸ್ಟೆಪ್‌ವರೆಗೆ ಹೋಗುತ್ತೆ, ಟ್ರ್ಯಾಕ್‌ಗೆ ಟ್ರ್ಯಾಕ್ ಬೇರೆ ಬೇರೆ ಉದ್ದ ಇಡಬಹುದು. ಮೇಡಂ ಹೇಳಿದ 14 ಸ್ಟೆಪ್ ಮಾಡೋಕೆ ಎರಡು ಗುಂಡಿ ಒತ್ತಿದ್ರೆ ಆಯ್ತು. ಎಲ್ಲಾ ಟ್ರ್ಯಾಕ್ 14ಕ್ಕೆ ಇಟ್ಟು ಗೆಜ್ಜೆ ಒಂದನ್ನ ಮಾತ್ರ 16ಕ್ಕೆ ಬಿಟ್ಟರೆ ಗೆಜ್ಜೆ ಪ್ರತಿ ಆವರ್ತಕ್ಕೂ (ತಾಳದ ಸುತ್ತಿಗೂ) ಜಾರುತ್ತಾ ಹೋಗಿ 112ನೇ ಸ್ಟೆಪ್ ಮುಗಿದ ಮೇಲೆ ಮತ್ತೆ ಸಮಕ್ಕೆ ಬಂದು ಕೂರುತ್ತೆ. ಮಿಶ್ರಛಾಪು ಎಂಟು ಆವರ್ತ. ತತ್ವಪದದ ನಡುವಿನ ಸಂಗೀತಕ್ಕೆ ನಾನು ಇದನ್ನ ಇಟ್ಟಿದ್ದೆ, ಕೇಳಿದವರಿಗೆ ಏನೋ ತಿರುಗ್ತಾ ಇದೆ ಅಂತ ಅನ್ನಿಸ್ತಿತ್ತು.

ಕೊರತೆನೂ ಹೇಳಿಬಿಡ್ತೀನಿ. ಔಟ್ ಎರಡೇ, ಎಡ ಮತ್ತು ಬಲ. ಫುಟ್‌ಸ್ವಿಚ್ ಚುಚ್ಚೋಕೆ ತೂತೇ ಇಲ್ಲ. ಕಾಲಲ್ಲಿ ಪ್ಯಾಟರ್ನ್ ಬದಲಾಯಿಸಬೇಕು ಅಂದ್ರೆ ಮಿಡಿ (ಯಂತ್ರಗಳ ನಡುವಿನ ಸೂಚನಾ ಸಂಕೇತ) ಕಳಿಸೋ ಫುಟ್ ಕಂಟ್ರೋಲರ್ ಬೇರೆ ತಗೋಬೇಕು. ಸ್ಯಾಂಪಲ್‌ಗಳು ಮೋನೋ, 16 ಬಿಟ್, 48 ಕಿಲೋಹರ್ಟ್ಜ್. ಒಂದು ಪ್ರಾಜೆಕ್ಟ್‌ಗೆ 64 ಎಂಬಿ ಜಾಗ. ಕೇಳೋಕೆ ಕಡಿಮೆ ಅನ್ಸುತ್ತೆ, ಆದ್ರೆ ಲೆಕ್ಕ ಹಾಕಿದ್ರೆ ಹನ್ನೊಂದು ನಿಮಿಷಕ್ಕಿಂತ ಹೆಚ್ಚು ಧ್ವನಿ. ತಬಲಾದ ಒಂದು ಪೆಟ್ಟು ಒಂದು ಸೆಕೆಂಡ್ ಅಂದ್ಕೊಂಡ್ರೂ ಆರುನೂರು ಪೆಟ್ಟು ಹಿಡಿಸುತ್ತೆ.

ಹುಬ್ಬಳ್ಳಿ ಅಣ್ಣ ಹೇಳಿದ ಎಳೆಯೋ ವಿಷಯಕ್ಕೆ ಒಂದು ಸಣ್ಣ ಉಪಾಯ ಇದೆ. ಟೆಂಪೋ ಪರದೆ ತೆರೆದು ಎಡಬಾಣ ಒತ್ತಿ ಹಿಡಿದ್ರೆ ವೇಗ ಅಷ್ಟು ಹೊತ್ತು ಮಾತ್ರ ತಗ್ಗುತ್ತೆ, ಬಿಟ್ಟರೆ ವಾಪಸ್. ಅಕ್ಕ ಎಳೆದಾಗ ನೀವು ಎಡಬಾಣ ಹಿಡೀಬೇಕು. ನಿಮ್ಮ ಎರಡೂ ಕೈ ಗಿಟಾರ್ ಮೇಲಿದ್ರೆ ಆಗಲ್ಲ, ಅದೊಂದು ತೊಡಕು.

ಪ್ಯಾಡ್_ಹುಬ್ಬಳ್ಳಿ

ಎಳದಾಗ ಗುಂಡಿ ಹಿಡಿಯೂದಂದ್ರ ಅದನ್ನೂ ಒಬ್ಬ ಮನಷ್ಯಾನ ಮಾಡಬೇಕಲ್ರಿ. ಆ ಮನಷ್ಯಾಗ ಎರಡು ಕೋಲು ಕೊಟ್ರ ಆತಲ್ಲ.

ಗೋಥೆನ್‌ಬರ್ಗ್_ಕನ್ನಡಿಗ

ಒಪ್ಪಿದೆ ಅಣ್ಣ. ಆದ್ರೆ ಇಲ್ಲಿ ನನ್ನ ಪರಿಸ್ಥಿತಿ ಕೇಳಿ. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಇನ್ನೂರು ಕಿಲೋಮೀಟರ್ ಸುತ್ತಳತೆಯಲ್ಲಿ ಢೋಲಕ್ ಗೊತ್ತಿರೋರು ಒಬ್ಬರೂ ನನಗೆ ಸಿಗಲಿಲ್ಲ. ಯಂತ್ರ ಇಲ್ಲದಿದ್ರೆ ಹಾಡೇ ಇಲ್ಲ.

ನಮ್ಮ ರಾಗಕ್ಕೆ ಯಂತ್ರದ ಪೆಟ್ಟು ಹೊಸದೂ ಅಲ್ಲ. ಮುಂಬೈ ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್‌ನ ಟಿಆರ್-808 ಡ್ರಮ್ ಮಷಿನ್, ಟಿಬಿ-303 ಬೇಸ್ ಸಿಂಥ್ ಇಟ್ಕೊಂಡು ಹತ್ತು ರಾಗ ರೆಕಾರ್ಡ್ ಮಾಡಿದ್ರು. 808 ಮಾರುಕಟ್ಟೆಗೆ ಬಂದಿದ್ದು 1980ರಲ್ಲಿ, ಅಂದ್ರೆ ಬರೀ ಎರಡು ವರ್ಷದ ಒಳಗೆ.

ಲಯಪಾಠ

ಆ ರೆಕಾರ್ಡ್ ನಾನೂ ಕೇಳಿದ್ದೇನೆ. ರಾಗದ ಕೆಲಸ ಬಹಳ ಚೆನ್ನಾಗಿದೆ. ಆದರೆ ಅಲ್ಲಿ ಲಯ ಉದ್ದಕ್ಕೂ ಡಿಸ್ಕೋ ನಾಲ್ಕೇ. ಈ ತಂಡಕ್ಕೆ ಇರುವ ಸಮಸ್ಯೆ ಏಳು ಮತ್ತು ಐದರದ್ದು.

ಅಭ್ಯಾಸಕ್ಕೆ ಮಾತ್ರ ಬೇಕು ಎನ್ನುವವರಿಗೆ ಡ್ರಮ್ ಮಷಿನ್ನೇ ಬೇಡ. ಜಿ. ರಾಜ್ ನಾರಾಯಣ್ ಅವರು ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್‌ನ ತಾಳಮಾಲಾ ಪೆಟ್ಟಿಗೆ ನನ್ನ ಮನೆಯಲ್ಲಿ ಇಂದಿಗೂ ದಿನಾ ಸಂಜೆ ಹಾಡುತ್ತದೆ. ಠೇಕಾ (ತಾಳದ ಮೂಲ ನುಡಿಕೆ) ಆರಿಸಿ ವೇಗ ತಿರುಗಿಸಿದರೆ ಸಾಕು. ಆದರೆ ಅದರೊಳಗೆ ನಿಮ್ಮ ಹಾಡಿಗೆ ತಕ್ಕ ಹಾಗೆ ತಿಹಾಯಿ (ಮೂರು ಸಲ ನುಡಿಸಿ ಸಮಕ್ಕೆ ಬರುವ ಮುಕ್ತಾಯ) ಬರೆಯುವುದು, ಚರಣಕ್ಕೆ ನಡೆ ಬದಲಿಸುವುದು ಆಗುವುದಿಲ್ಲ.

ಕುಡ್ಲ_ಲೈವ್

ನೀವೆಲ್ಲ ಮಷಿನ್ ಒಳಗಿನದ್ದು ಹೇಳಿದ್ರಿ, ನಾನು ಹೊರಗಿನದ್ದು ಹೇಳ್ತೇನೆ ಆಯ್ತಾ. ಮಂಗಳೂರು, ಉಡುಪಿ ಕಡೆ ಒಂಬತ್ತು ವರ್ಷದಿಂದ ಸೌಂಡ್ ನೋಡ್ಕೊಳ್ಳುವವ ನಾನು.

ಎರಡು ವರ್ಷದ ಹಿಂದೆ ಒಂದು ಗಣೇಶೋತ್ಸವ. ಮಷಿನ್ ಇಟ್ಟು ಹಾಡ್ತಿದ್ದ ತಂಡ. ಮೂರನೇ ಹಾಡಿಗೆ ಕರೆಂಟ್ ಹೋಯ್ತು, ಜನರೇಟರ್‌ಗೆ ಬದಲಾಗ್ಲಿಕ್ಕೆ ಮೂರು ಸೆಕೆಂಡ್. ಆದ್ರೆ ಮಷಿನ್ ಮತ್ತೆ ಎದ್ದು ಪ್ರಾಜೆಕ್ಟ್ ತೆರೀಲಿಕ್ಕೆ ಅರ್ಧ ನಿಮಿಷ ತಗೊಂಡ್ತು. ಹಾಡುವ ಹುಡುಗಿ ಎದುರು ಕೂತ ಮಕ್ಕಳ ಹತ್ರ ಚಪ್ಪಾಳೆ ತಟ್ಟಿಸಿ ಹಾಡು ಮುಂದೆ ತಗೊಂಡು ಹೋದ್ಳು. ಆ ರಾತ್ರಿ ಅವಳೇ ಕಾಪಾಡಿದ್ದು. ಮಷಿನ್ ತಗೊಳ್ಳುವ ದಿನವೇ ಒಂದು ಸಣ್ಣ ಯುಪಿಎಸ್ ತಗೊಳ್ಳಿ. ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಇಡ್ತಾರಲ್ಲ, ಅಂಥದ್ದೇ ಸಾಕು.

ಅಡಾಪ್ಟರ್ ವಿಷಯ. ಎಸ್‌ಆರ್-16ಕ್ಕೆ ಬೇಕಾದದ್ದು 9 ವೋಲ್ಟ್ ಎಸಿ. ಗಿಟಾರ್ ಪೆಡಲಿನ ಅಡಾಪ್ಟರ್ ಸಾಮಾನ್ಯವಾಗಿ 9 ವೋಲ್ಟ್ ಡಿಸಿ. ಎರಡರಲ್ಲೂ 9 ಅಂತ ಬರ್ದದ್ದು ಉಂಟು, ಕತ್ತಲಲ್ಲಿ ಗಡಿಬಿಡಿಗೆ ಬದಲಾಗ್ತದೆ. ಕೆಂಪು ಟೇಪ್ ಸುತ್ತಿಡಿ.

ಕಿಕ್ ಬಗ್ಗೆ. 808ರ ಕಿಕ್ ಅಂತ ಎಲ್ಲರಿಗೂ ಆಸೆ. ಅದು ಸುಮಾರು 50 ಹರ್ಟ್ಜ್‌ನಲ್ಲಿ ಗುಂಯ್‌ಗುಡುವ ಧ್ವನಿ. ದಪ್ಪ ಧ್ವನಿಯ ಒಳ್ಳೆ ಸ್ಪೀಕರ್ (ಸಬ್) ಇರುವ ಕಡೆ ಎದೆಗೆ ತಾಗ್ತದೆ. ದೇವಸ್ಥಾನದ ಅಂಗಳದಲ್ಲಿ ಕಂಬಕ್ಕೆ ಕಟ್ಟಿದ ಹಾರ್ನ್ ಇದ್ರೆ ಅದು ಕೇಳುವುದೇ ಇಲ್ಲ, ಹಾರ್ನಿಗೆ ಅಷ್ಟು ಕೆಳಗಿನ ಸ್ವರ ಬರುವುದಿಲ್ಲ. ಟಕ್ ಅಂತ ಮೊನೆ ಇರುವ ಕಿಕ್ ಒಂದು ಜೊತೆಗಿಟ್ಟುಕೊಳ್ಳಿ. ಸ್ಟೀರಿಯೋದಲ್ಲಿ ಗೆಜ್ಜೆ ಎಡಕ್ಕೆ, ಢೋಲಕ್ ಬಲಕ್ಕೆ ಅಂತ ಹಂಚ್ಲಿಕ್ಕೆ ಹೋಗ್ಬೇಡಿ. ಎಡಕ್ಕೆ ಕೂತವರಿಗೆ ಢೋಲಕ್ಕೇ ಇರುವುದಿಲ್ಲ.

ಕೊನೆಯದಾಗಿ ಮಾನಿಟರ್. ಶಬ್ದ ಒಂದು ಮೀಟರ್ ದಾಟ್ಲಿಕ್ಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಅಂಗಳದ ಆಚೆ ಗೋಡೆಗೆ ಬಡಿದು ಬರುವ ಪೆಟ್ಟು ಕೇಳಿಕೊಂಡು ಹಾಡಿದ್ರೆ ನಿಮ್ಮ ಅಕ್ಕ ಪ್ರತಿ ಸಲವೂ ಹಿಂದೆ ಬೀಳ್ತಾರೆ. ತಬಲಾದವರಿದ್ರೆ ಅವರ ಕೈಯಾದ್ರೂ ಕಾಣ್ತದೆ. ಮಷಿನ್‌ನದ್ದು ಕಾಣುವುದಿಲ್ಲ, ಹಾಗಾಗಿ ಅದರ ಧ್ವನಿ ಅವರ ಕಿವಿಗೇ ಬರಬೇಕು. ಇಯರ್‌ಫೋನ್ ಆಗದಿದ್ರೆ ಕಾಲಬುಡದಲ್ಲಿ ಒಂದು ಮಾನಿಟರ್.

ಸ್ಟುಡಿಯೋ_ಮಹಡಿ (ಬೆಂಗಳೂರು)

ರೆಕಾರ್ಡಿಂಗ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ.

ವೇದಿಕೆಯಲ್ಲಿ ಬೇಕಾಗೋದು ಕೈಗೆ ಬೇಗ ಸಿಗೋ ಗುಂಡಿ. ರೆಕಾರ್ಡಿಂಗ್‌ನಲ್ಲಿ ಬೇಕಾಗೋದು ಒಂದೊಂದು ವಾದ್ಯವೂ ಬೇರೆ ಬೇರೆ ಟ್ರ್ಯಾಕ್‌ಗೆ ಬೀಳೋದು. ಎಲ್ಲಾ ಸೇರಿ ಎರಡೇ ತಂತಿಯಲ್ಲಿ ಬಂದ್ರೆ ಆಮೇಲೆ ಕಿಕ್ ಜಾಸ್ತಿಯಾಯ್ತು ಅಂತ ತಗ್ಗಿಸೋಕೆ ಹೋದಾಗ ಅದರ ಜೊತೆ ಢೋಲಕ್ ಕೂಡ ತಗ್ಗುತ್ತೆ. ಟಿಆರ್-8ಎಸ್‌ನಲ್ಲಿ ಮುಖ್ಯ ಎರಡು ಔಟ್ ಅಲ್ಲದೇ ಇನ್ನೂ ಆರು ಇವೆ, ಯಾವ ಧ್ವನಿ ಎಲ್ಲಿಗೆ ಅಂತ ನೀವೇ ಹಂಚಬಹುದು. ಹನ್ನೊಂದು ಟ್ರ್ಯಾಕ್, ಹನ್ನೊಂದು ಫೇಡರ್, ವೇದಿಕೆಯಲ್ಲಿ ಬೆರಳು ತಾನಾಗಿ ಹೋಗುತ್ತೆ. ಸ್ವಂತ ಸ್ಯಾಂಪಲ್ ಎಸ್‌ಡಿ ಕಾರ್ಡ್‌ನಿಂದ ಹಾಕ್ಕೋಬಹುದು. ಡಿಜಿಟಾಕ್ಟ್‌ಗೆ ಔಟ್ ಎರಡೇ ಇದ್ರೂ ಓವರ್‌ಬ್ರಿಡ್ಜ್ ಅನ್ನೋ ಸಾಫ್ಟ್‌ವೇರ್ ಮೂಲಕ ಯುಎಸ್‌ಬಿಯಲ್ಲಿ ಎಂಟೂ ಟ್ರ್ಯಾಕ್ ಬೇರೆಯಾಗಿ ಕಂಪ್ಯೂಟರ್‌ಗೆ ಬರುತ್ತೆ. ಎಸ್‌ಆರ್-16ಕ್ಕೆ ನಾಲ್ಕು ಔಟ್. ಕಿಕ್ ಒಂದು ಕಡೆ, ಉಳಿದದ್ದು ಒಂದು ಕಡೆ ಮಾಡಿದ್ರೂ ಎಷ್ಟೋ ವಾಸಿ. ಡ್ರಮ್‌ಬ್ರೂಟ್ ಇಂಪ್ಯಾಕ್ಟ್‌ನ ಅನಲಾಗ್ ಧ್ವನಿ ತುಂಬಾ ಚೆಂದ, ಟ್ರ್ಯಾಕ್‌ಗೆ ಟ್ರ್ಯಾಕ್ ಉದ್ದ ಬದಲಾಯಿಸೋದೂ ಇದೆ, ಆದ್ರೆ ಸ್ಯಾಂಪಲ್ ಹಾಕೋಕಾಗಲ್ಲ. ತಬಲಾ ಬೇಕು ಅಂದ್ರೆ ಅದು ನಿಮಗಲ್ಲ.

ಮಷಿನ್‌ನಲ್ಲಿರೋ ರಿವರ್ಬ್ (ಧ್ವನಿಗೆ ಗುಂಗು ಸೇರಿಸೋದು) ಆಫ್ ಮಾಡಿ ರೆಕಾರ್ಡ್ ಮಾಡಿ. ಒದ್ದೆ ಬಟ್ಟೆ ಆಮೇಲೆ ಒಣಗಿಸೋಕೆ ಬರಲ್ಲ.

ಈಗ ನನಗೆ ಮುಖ್ಯ ಅನ್ಸೋದು. ಜನಪದ ಹಾಡು ಮಷಿನ್‌ಗೆ ಹಾಕಿದ ಕೂಡಲೇ ಬಿಗಿಯಾಗಿ ಕೇಳ್ಸುತ್ತೆ ಅಂತ ಹತ್ತು ಜನ ಬಂದು ಹೇಳಿದ್ದಾರೆ. ಸ್ವಿಂಗ್ ತಿರುಗಿಸಿ ನೋಡಿ. ರಾಜರ್ ಲಿನ್ ತಮ್ಮ ಎಲ್‌ಎಂ-1 ಡ್ರಮ್ ಮಷಿನ್‌ನಲ್ಲಿ 1980ರಲ್ಲಿ ತಂದದ್ದು ಇದು. ಪ್ರತಿ ಜೋಡಿ ಸ್ಟೆಪ್‌ನಲ್ಲಿ ಎರಡನೆಯದನ್ನ ಸ್ವಲ್ಪ ತಡಮಾಡೋದು, ಅಷ್ಟೇ. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬೀಟ್) ಎರಡು ಸ್ಟೆಪ್ ಸೇರಿ 333 ಮಿಲಿಸೆಕೆಂಡ್. 50 ಅಂದ್ರೆ ಸರಿಪಾಲು. 54ಕ್ಕೆ ಇಟ್ಟರೆ ಎರಡನೇ ಪೆಟ್ಟು 13 ಮಿಲಿಸೆಕೆಂಡ್ ತಡವಾಗಿ ಬೀಳುತ್ತೆ. ಕಿವಿಗೆ ತಡ ಅಂತ ಗೊತ್ತಾಗಲ್ಲ, ಆದ್ರೆ ಕಾಲು ಕುಣಿಯುತ್ತೆ. 66 ದಾಟಿದ್ರೆ ತಿಸ್ರ (ಮೂರರ) ನಡೆಗೇ ಹೋಗಿಬಿಡುತ್ತೆ. ಕೋಲಾಟದ ಹಾಡಿಗೆ ನಾನು 56ರಿಂದ 58ರ ಮಧ್ಯೆ ನಿಲ್ಲಿಸ್ತೀನಿ.

ಲಯಪಾಠ

ಒಂದು ಎಚ್ಚರ. 14 ಸ್ಟೆಪ್ ಸಮಸಂಖ್ಯೆ, ಹಾಗಾಗಿ ಸ್ವಿಂಗ್ ಜೋಡಿ ಕೆಡುವುದಿಲ್ಲ. ಮಾತ್ರೆಗೆ ಒಂದೇ ಸ್ಟೆಪ್ ಕೊಟ್ಟು 7 ಎಂದು ಬರೆದರೆ ಮೊದಲ ಆವರ್ತದಲ್ಲಿ ತಡವಾಗುವ ಪೆಟ್ಟು ಮುಂದಿನ ಆವರ್ತದಲ್ಲಿ ತಡವಾಗದೇ ಇರಬಹುದು. ಬೆಸಸಂಖ್ಯೆಯ ತಾಳಕ್ಕೆ ಯಾವಾಗಲೂ ಎರಡು ಪಟ್ಟು ಬರೆಯಿರಿ.

ಸ್ಟುಡಿಯೋ_ಮಹಡಿ

ಹೌದು ಮೇಡಂ, ನಿಜ. ಇದನ್ನ ನಾನೇ ಬರೀಬೇಕಿತ್ತು. ಎಸ್‌ಆರ್-16ರಲ್ಲಿ ಉದ್ದವನ್ನ ಬೀಟ್ ಲೆಕ್ಕದಲ್ಲೇ ಇಡೋದರಿಂದ 7 ಬೀಟ್ ಅಂತ ಕೊಟ್ಟು ಟೆಂಪೋ ಹೊಂದಿಸಿದ್ರೆ ಸರಿಹೋಗುತ್ತೆ.

ತಮಟೆ_ಕೋಲಾರ

ಸ್ಯಾಂಪಲ್ ಮಾತು ಬಂತಲ್ಲ, ಅದಕ್ಕೆ ಬರೀತಿದ್ದೀನಿ. ನಮ್ಮ ಮನೇಲಿ ಮೂರು ತಲೆಮಾರಿಂದ ತಮಟೆ. ಇಂಟರ್‌ನೆಟ್‌ನಲ್ಲಿ ಸಿಗೋ ತಮಟೆ ಸ್ಯಾಂಪಲ್ ಎಷ್ಟೋ ಕೇಳಿದ್ದೀನಿ, ಬಹುಪಾಲು ತಣ್ಣಗಾದ ತಮಟೇದು. ತಮಟೇನ ಬೆಂಕಿಗೆ ಕಾಯಿಸಿ ಚರ್ಮ ಬಿಗಿ ಮಾಡಿ ಬಾರಿಸ್ತಾರೆ. ಕಾಯಿಸಿದ ಹೊಸದರಲ್ಲಿ ಖಣಖಣ ಅನ್ನುತ್ತೆ, ಹೊತ್ತು ಹೋದ ಹಾಗೆ ಚರ್ಮ ಸಡಿಲಾಗಿ ಸ್ವರ ಇಳಿಯುತ್ತೆ. ರೆಕಾರ್ಡ್ ಮಾಡೋರು ಮೈಕ್ ಹೊಂದಿಸ್ತಾ ಇಪ್ಪತ್ತು ನಿಮಿಷ ಕೂರ್ತಾರೆ, ಆಮೇಲೆ ಬಾರಿಸು ಅಂತಾರೆ. ಮೈಕ್ ಮೊದಲು ಹೊಂದಿಸಿ, ಆಮೇಲೆ ಬೆಂಕಿ ಹಾಕಿ.

ಒಂದೇ ಪೆಟ್ಟು ಹಿಡ್ಕೊಂಡು ಹೋಗಬೇಡಿ. ಬಲಗೈ ದಪ್ಪ ಕೋಲು, ಎಡಗೈ ಸಣ್ಣ ಕಡ್ಡಿ, ಎರಡರ ಧ್ವನಿ ಬೇರೆ. ಮೆಲ್ಲಗೆ, ಮಧ್ಯಮ, ಜೋರು, ಒಂದೊಂದರಲ್ಲೂ ನಾಲ್ಕೈದು ಪೆಟ್ಟು. ಒಂದೇ ಪೆಟ್ಟನ್ನ ಮಷಿನ್ ಹದಿನಾರು ಸಲ ಹೊಡೆದ್ರೆ ಹೊಲಿಗೆ ಯಂತ್ರ ಓಡಿದ ಹಾಗಿರುತ್ತೆ. ಸಾಧ್ಯ ಆದ್ರೆ ಬಯಲಲ್ಲಿ ಮಾಡಿ. ತಮಟೆ ಕೋಣೆ ಒಳಗಿನ ವಾದ್ಯ ಅಲ್ಲ.

ಮತ್ತೆ ಇನ್ನೊಂದು ವಿಷಯ, ಇದನ್ನ ಕೋಪದಿಂದ ಹೇಳ್ತಿಲ್ಲ. ಕಲಾವಿದರನ್ನ ಕರೆಸಿ ಅರ್ಧ ದಿನ ಬಾರಿಸಿಕೊಂಡು, ಟೀ ಕೊಟ್ಟು ಕಳಿಸಿದ್ದನ್ನ ನಾನು ನೋಡಿದ್ದೀನಿ. ಆ ಪೆಟ್ಟು ಆಮೇಲೆ ನೂರು ಹಾಡಲ್ಲಿ ಬಂತು. ಯಾರದ್ದಾದ್ರೂ ಕೈ ನಿಮ್ಮ ಮಷಿನ್ ಒಳಗೆ ಹೋಗ್ತಾ ಇದೆ ಅಂದ್ರೆ ಅದು ಏನಕ್ಕೆ ಅಂತ ಮೊದಲೇ ಹೇಳಿ, ದುಡ್ಡು ಮಾತಾಡಿ, ಹಾಡಿನ ಜೊತೆ ಹೆಸರು ಹಾಕಿ.

ಪ್ಯಾಡ್_ಹುಬ್ಬಳ್ಳಿ

ಕೋಲಾರದ ಅಣ್ಣಾರ ಮಾತು ಓದಿ ಸುಮ್ಮನಿರಾಕ ಆಗಲಿಲ್ಲ. ನಾನೂ ಒಂದು ಮಾತು ಒಪ್ಕೋಬೇಕು. ಆರ್ಕೆಸ್ಟ್ರಾದಾಗ ಮೊದಲು ಢೋಲಕ್ ಒಬ್ರು, ತಬಲಾ ಒಬ್ರು, ಕೊಂಗೊ ಒಬ್ರು ಇರ್ತಿದ್ರು. ನನ್ನ ಪ್ಯಾಡ್ ಬಂದ ಮ್ಯಾಲೆ ಆ ಮೂರೂ ಜಾಗಾ ನಾ ಒಬ್ಬಾಂವ ತುಂಬಿದೆ. ನಮ್ಮ ತಂಡದ ಕೊಂಗೊ ಕಾಕಾ ಆಮ್ಯಾಲೆ ಕಿರಾಣಿ ಅಂಗಡಿ ಇಟ್ರು. ಅವರ ಕೈ ಕಲತ ಪೆಟ್ಟ ನಾ ಇವತ್ತಿಗೂ ಪ್ಯಾಡ್ ಮ್ಯಾಲೆ ಹೊಡೀತೀನಿ. ಹಂಗಾಗಿ ಮಷಿನ್ ತಗೋಬ್ಯಾಡ್ರಿ ಅಂತ ಹೇಳೂ ಹಕ್ಕು ನನಗ ಪೂರಾ ಇಲ್ಲ.

ತಗೋರಿ. ಆದ್ರ ಪೂರಾ ಹಾಡು ಅದಕ್ಕ ಬಿಡಬ್ಯಾಡ್ರಿ. ಶುರುವಿನ ಆಲಾಪ, ಕಡೀ ಚರಣ ಮಷಿನ್ ಬಂದ್ ಮಾಡಿ ಹಾಡ್ರಿ. ಅಲ್ಲಿ ಅಕ್ಕಾರು ಎಷ್ಟರ ಎಳೀಲಿ. ಮತ್ತ ಪಲ್ಲವಿಗೆ ಬಂದಾಗ ಸಮದ ಮ್ಯಾಲೆ ಕಾಲಿಂದ ಒತ್ತಿ ಎಬ್ಬಸ್ರಿ. ಹಂಗ ಮಾಡಿದ್ರ ಹಾಡೋರು ಮಷಿನ್ ಹಿಂದ ಓಡೂದಿಲ್ಲ, ಮಷಿನ್ ಅವರ ಹಿಂದ ಬರತೈತಿ. ಅದಕ್ಕ ಕಾಲಿನ ಸ್ವಿಚ್ ಬೇಕ ಬೇಕು. ಅದಿಲ್ಲದ್ದು ಏನ ಇದ್ರೂ ತಗೋಬ್ಯಾಡ್ರಿ.

ಕುಡ್ಲ_ಲೈವ್

ಇದು ಒಳ್ಳೆ ಮಾತು. ಎಸ್‌ಆರ್-16ಕ್ಕೆ ಫುಟ್‌ಸ್ವಿಚ್ ಎರಡು ಹಾಕ್ಲಿಕ್ಕೆ ಆಗ್ತದೆ. ಒಂದು ಸ್ಟಾರ್ಟ್ ಸ್ಟಾಪಿಗೆ, ಇನ್ನೊಂದು ಫಿಲ್ಲಿಗೆ (ನಡುವೆ ತುಂಬುವ ಸಣ್ಣ ಮುಕ್ತಾಯಕ್ಕೆ). ಹಳೆ ಮಷಿನ್, ನೋಡ್ಲಿಕ್ಕೆ ಏನೂ ಇಲ್ಲ, ಆದ್ರೆ ಗಿಟಾರ್ ಹಿಡ್ಕೊಂಡು ಒಬ್ಬರೇ ನಿಭಾಯಿಸುವವರಿಗೆ ಇದು ದೊಡ್ಡ ಅನುಕೂಲ.

ತುಂಗಾತೀರ

ಮೂರು ವಾರ ಆಯ್ತು, ಏನಾಯ್ತು ಅಂತ ಬರೀಬೇಕು.

ಮೊದಲು ಪರಿಚಯದವರೊಬ್ಬರಿಂದ ಎಸ್‌ಆರ್-16 ಒಂದು ವಾರಕ್ಕೆ ತಂದೆ. ಮೇಡಂ ಹೇಳಿದ ಹಾಗೆ ಹತ್ತೂ ಹಾಡನ್ನ ಹಾಳೆ ಮೇಲೆ ಬರೆದು ಒಂದೊಂದೇ ಹಾಕಿದೆ. ಕಾಲಲ್ಲಿ ನಿಲ್ಲಿಸಿ ಎಬ್ಬಿಸೋದು ಎರಡೇ ದಿನಕ್ಕೆ ಅಭ್ಯಾಸ ಆಯ್ತು, ಹುಬ್ಬಳ್ಳಿ ಅಣ್ಣ ಹೇಳಿದ್ದು ಅಕ್ಷರಶಃ ಸರಿ. ಕೆಹರ್ವಾ ಹಾಡುಗಳು ಡ್ರಮ್ ಕಿಟ್ ಧ್ವನಿಯಲ್ಲೂ ಚೆನ್ನಾಗೇ ಬಂದ್ವು. ದಾದ್ರಾಕ್ಕೆ ಬಂದಾಗ ಅಕ್ಕ ಹಾಡು ನಿಲ್ಲಿಸಿ, "ಇದು ಬ್ಯಾಂಡ್ ಸೆಟ್ ಥರ ಕೇಳ್ತಿದೆ ಕಣೋ, ನನಗೆ ಬಾಯಾಂ ಬೇಕು" ಅಂದ್ಲು.

ಬೆಂಗಳೂರಿನಲ್ಲಿ ಒಬ್ಬರ ಹತ್ರ ಮೊದಲ ಮಾದರಿಯ ಡಿಜಿಟಾಕ್ಟ್ ಇತ್ತು. ಬಜೆಟ್‌ಗಿಂತ ಸ್ವಲ್ಪ ಹೆಚ್ಚಾಯ್ತು, ಬೇಸ್ ಗೆಳೆಯ ತನ್ನ ಪಾಲು ಹಾಕಿದ. ಮಿಡಿ ಫುಟ್ ಕಂಟ್ರೋಲರ್ ಸೆಕೆಂಡ್‌ಹ್ಯಾಂಡ್ ಸಿಕ್ತು. ಸ್ಟಾರ್ಟ್, ಸ್ಟಾಪ್, ಮುಂದಿನ ಪ್ಯಾಟರ್ನ್, ಮೂರನ್ನೇ ಕಲಿಸಿಟ್ಟಿದ್ದೀನಿ.

ತಬಲಾ ಹುಡುಗ ಹೋದ ಶನಿವಾರ ಊರಿಗೆ ಬಂದಿದ್ದ. ಏನಕ್ಕೆ, ಎಷ್ಟು, ಹಾಡಿನಲ್ಲಿ ಹೆಸರು ಹೇಗೆ ಅಂತ ಮೊದಲೇ ಮಾತಾಡಿದ್ವಿ. ದುಡ್ಡು ಬೇಡ ಅಂದ, ಅಕ್ಕ ಕೈಗಿಟ್ಟಳು. ಅಟ್ಟದ ಮೇಲೆ ಕಂಬಳಿ ಕಟ್ಟಿ ಕೂತ್ವಿ. ನಾ, ತಿನ್, ಧಾ, ಗೆ, ಕ, ಒಂದೊಂದರಲ್ಲೂ ಮೂರು ಬಲ, ಬಲಕ್ಕೆ ಐದು ಪೆಟ್ಟು. ಎಪ್ಪತ್ತೈದು ಪೆಟ್ಟು ಮುಗಿಯೋಕೆ ಮಧ್ಯಾಹ್ನ ಆಯ್ತು. ನಡುವೆ ಪಕ್ಕದ ಮನೆ ಮಿಕ್ಸಿ ಶುರುವಾಗಿ ಎರಡು ಸಲ ನಿಲ್ಲಿಸಬೇಕಾಯ್ತು. ಬಾಯಾಂ ಮೇಲೆ ಅಂಗೈ ಜಾರಿಸಿ ಗುಂಮ್ ಅಂತ ಎಳೀತಾನಲ್ಲ, ಅದನ್ನ ಮಾತ್ರ ಬೇರೆಯಾಗಿ ಎಂಟು ಥರ ತಗೊಂಡ್ವಿ.

ಅವತ್ತು ಸಂಜೆ ಮಿಶ್ರಛಾಪು ಹಾಕಿದೆ, 1, 7, 11. ಅವನು ಎದುರಿಗೆ ಕೂತು ಕೇಳಿ, ಹನ್ನೊಂದರದ್ದು ಒಂದು ಕೂದಲಷ್ಟು ಹಿಂದೆ ಸರಿಸು, ನಾನು ಅಲ್ಲಿ ಯಾವತ್ತೂ ಸ್ವಲ್ಪ ಕಾಯ್ತೀನಿ ಅಂದ. ಮೈಕ್ರೋಟೈಮಿಂಗ್‌ನಲ್ಲಿ ಸರಿಸಿದೆ. ಅಕ್ಕ ಒಳಗಿಂದ ಬಂದು ಇದು ಯಾರು ನುಡಿಸ್ತಿರೋದು ಅಂತ ಕೇಳಿದ್ಲು.

ರೆಕಾರ್ಡಿಂಗ್‌ಗೆ ಅವನು ದೀಪಾವಳಿ ರಜೆಯಲ್ಲಿ ಖುದ್ದು ಬರ್ತೀನಿ ಅಂದಿದ್ದಾನೆ. ಆರರಲ್ಲಿ ಎರಡು ಹಾಡಿಗೆ ಅವನೇ, ಉಳಿದ ನಾಲ್ಕಕ್ಕೆ ಮಷಿನ್. ಸ್ಟುಡಿಯೋ ಮಹಡಿ ಸರ್, ಓವರ್‌ಬ್ರಿಡ್ಜ್ ಹಾಕಿದ ಮೇಲೆ ಹೆಡ್‌ಫೋನ್‌ನಲ್ಲಿ ಸಣ್ಣ ಪ್ರತಿಧ್ವನಿ ಥರ ಕೇಳ್ತಿದೆ, ಅದು ಏನಿರಬಹುದು?

ಸ್ಟುಡಿಯೋ_ಮಹಡಿ

ಒಂದೇ ಧ್ವನಿ ಎರಡು ದಾರಿಯಲ್ಲಿ ಬರ್ತಿದೆ. ಮಷಿನ್‌ನ ಔಟ್‌ನಿಂದ ನೇರ ಒಂದು, ಕಂಪ್ಯೂಟರ್ ಸುತ್ತಿ ಬಂದದ್ದು ಒಂದು, ಎರಡನೆಯದು ಬಫರ್‌ನಷ್ಟು (ಕಂಪ್ಯೂಟರ್ ಧ್ವನಿಯನ್ನ ತಡೆದಿಟ್ಟುಕೊಳ್ಳೋ ಅಷ್ಟು ಹೊತ್ತು) ತಡ. ರೆಕಾರ್ಡ್ ಮಾಡುವಾಗ ಕಂಪ್ಯೂಟರ್‌ನಲ್ಲಿ ಆ ಟ್ರ್ಯಾಕ್‌ಗಳ ಮಾನಿಟರಿಂಗ್ ಆಫ್ ಮಾಡಿ ಮಷಿನ್‌ನದ್ದನ್ನ ಮಾತ್ರ ಕೇಳಿ. ಮೊದಲ ಮಿಕ್ಸ್ ಆದಾಗ ಇಲ್ಲಿ ಹಾಕಿ, ಬಾಯಾಂ ಕೇಳ್ಬೇಕು ನನಗೆ.

ಪ್ಯಾಡ್_ಹುಬ್ಬಳ್ಳಿ

ದೀಪಾವಳಿಗೆ ಆ ಹುಡುಗ ಬಂದಾಗ ನನಗೂ ಫೋನ್ ಮಾಡ್ರಿ. ಶಿವಮೊಗ್ಗಕ್ಕ ರೈಲ್ ಅದಾವ. ಢೋಲಕ್ ತರ್ತೀನಿ.